ಕಾಟಾ ಇಲ್ಲ, ಮೀಟರೂ ಇಲ್ಲ

ಆಫೀಸಿನಲ್ಲಿ ಯಾರಾದರೂ ಹೊಸಬರು ಸೇರಿದಾಗ ‘ನಾನು ಹೊಸಪೇಟೆ ಕಡೆಯವನು’ ಅಂದರೆ ಎರಡೇ ಪ್ರಶ್ನೆ ಬರುತ್ತವೆ. ಒಂದು, ಹಂಪಿಗೆ ಹೋಗೋಕೆ ಯಾವ ತಿಂಗಳು ಚೆನ್ನಾಗಿರುತ್ತೆ? ಎರಡನೆಯದು ಸ್ವಲ್ಪ ದನಿ ತಗ್ಗಿಸಿ: ಗಣಿ ಟೈಮಲ್ಲಿ ನಿಜಕ್ಕೂ ಹೆಲಿಕಾಪ್ಟರ್‌ಗಳು ಹಾಗೆ ಹಾರಾಡ್ತಿದ್ವಾ? ಮೊದಲನೆಯದಕ್ಕೆ ಡಿಸೆಂಬರ್ ಅಂತ ಹೇಳಿ ಮುಗಿಸುತ್ತೇನೆ. ಎರಡನೆಯದಕ್ಕೆ ಹೌದು ಅಂದ ಕೂಡಲೇ ಕೇಳುವವರ ಮುಖದಲ್ಲಿ ಒಂದು ಸಿನಿಮಾ ಓಡಲು ಶುರುವಾಗುತ್ತದೆ. ಕೆಂಪು ಧೂಳು, ಚಿನ್ನದ ಕುರ್ಚಿ, ಜೈಲು, ಕೊನೆಗೆ ಕೋರ್ಟು. ಖಳನಾಯಕ ಸಿಕ್ಕಿಬಿದ್ದ, ಕಥೆ ಮುಗೀತು.

ನನ್ನ ತಕರಾರು ಈ ಕಥೆಯ ಮೇಲೆ. ಅದು ಸುಳ್ಳು ಅಂತಲ್ಲ. ಖಳನಾಯಕರು ಇದ್ದರು, ಅನುಮಾನ ಬೇಡ. ಆದರೆ ಖಳನಾಯಕರ ಕಥೆ ಹೇಳುತ್ತಾ ಹೇಳುತ್ತಾ ನಾವು ಒಂದು ಸಪ್ಪೆ ವಿಷಯವನ್ನು ಪೂರ್ತಿ ಮರೆತಿದ್ದೇವೆ. ವ್ಯಾಪಾರ ಮತ್ತು ಇಂಧನ, ಈ ಎರಡರಲ್ಲೂ ‘ಸುಧಾರಣೆ’ ಅನ್ನುವುದು ನಮ್ಮ ಕಡೆಗೆ ಬಂದಾಗ ಬಾಗಿಲು ತೆರೆಯಬೇಕೋ ಮುಚ್ಚಬೇಕೋ, ದರ ಏರಿಸಬೇಕೋ ಪುಕ್ಕಟೆ ಕೊಡಬೇಕೋ ಅನ್ನುವ ಜಗಳವೇ ಆಯಿತು. ಎಷ್ಟು ಹೋಗುತ್ತಿದೆ ಅಂತ ತೂಗುವ, ಅಳೆಯುವ ಕೆಲಸವನ್ನು ಯಾರೂ ಮೈಮೇಲೆ ಹಾಕಿಕೊಳ್ಳಲಿಲ್ಲ. ನಮ್ಮ ಕಡೆ ತೂಕದ ಯಂತ್ರಕ್ಕೆ ಕಾಟಾ ಅಂತಾರೆ. ಕಬ್ಬು ಬೆಳೆಯುವವರಿಗೆ ಆ ಪದ ಚೆನ್ನಾಗಿ ಗೊತ್ತು, ಯಾಕೆಂದರೆ ಮೋಸ ಆಗೋದು ಅಲ್ಲೇ.

ಬುಕ್ಕಸಾಗರದಲ್ಲಿ ನನ್ನ ಸೋದರಮಾವನ ಹೊಲ ಇದೆ. ಕಮಲಾಪುರ ದಾಟಿ ಕಂಪ್ಲಿ ಕಡೆ ಹೋಗುವ ರಸ್ತೆ, ಒಂದು ಕಡೆ ಬಂಡೆಗುಡ್ಡ, ಇನ್ನೊಂದು ಕಡೆ ತುಂಗಭದ್ರೆ, ನಡುವೆ ಬಾಳೆ, ಕಬ್ಬು, ಭತ್ತ. ಊರಿನ ಹೆಸರಿನಲ್ಲೇ ಬುಕ್ಕ ಇದ್ದಾನೆ. ಈ ಸೀಮೆಯ ಹಳೇ ಕಾಲುವೆಗಳು ವಿಜಯನಗರದ ಅರಸರ ಕಾಲದವು, ಇವತ್ತಿಗೂ ಹರಿಯುತ್ತವೆ. ಅವಕ್ಕೆ ಕರೆಂಟ್ ಬೇಕಿಲ್ಲ, ಇಳಿಜಾರು ಸಾಕು. ಕಾಲುವೆಗಿಂತ ಎತ್ತರದಲ್ಲಿರುವ ಹೊಲಕ್ಕೆ ಮಾತ್ರ ಮೋಟಾರು ಬೇಕು. ಮಾವನ ಹೊಲ ಅರ್ಧ ಕೆಳಗೆ, ಅರ್ಧ ಮೇಲೆ. ಹಾಗಾಗಿ ಅವನ ಒಂದು ಕಾಲು ಹದಿನಾಲ್ಕನೇ ಶತಮಾನದಲ್ಲಿ, ಇನ್ನೊಂದು ವಿದ್ಯುತ್ ಕಂಪನಿಯ ಟ್ರಾನ್ಸ್‌ಫಾರ್ಮರ್ ಕೆಳಗೆ. (ಅಂದಹಾಗೆ, ಅಣೆಕಟ್ಟೆಯ ಪವರ್ ಹೌಸ್ ಮತ್ತು ಹಂಪಿ ಪವರ್ ಹೌಸ್ ಎರಡೂ ಸೇರಿ 72 ಮೆಗಾವಾಟ್. ನಮ್ಮ ಹಿತ್ತಲಲ್ಲೇ ಹುಟ್ಟುವ ಈ ಕರೆಂಟ್‌ನಲ್ಲಿ ಕರ್ನಾಟಕದ ಪಾಲು 20 ಪರ್ಸೆಂಟ್, ಉಳಿದದ್ದು ಆಂಧ್ರದ ಕಡೆಗೆ. ಅದು ಇನ್ನೊಂದು ದಿನದ ಮಾತು.)

ಮಾವ 2009ರಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಟಿಪ್ಪರ್ ತಗೊಂಡ. ಆಗ ನಮ್ಮ ಸಂಬಂಧಿಕರಲ್ಲಿ ಲಾರಿ ಇಲ್ಲದ ಮನೆ ಕಡಿಮೆ. ಯಾಕೆ ತಗೊಂಡೆ ಅಂತ ಕೇಳುವ ಹಾಗೇ ಇರಲಿಲ್ಲ. ಕಬ್ಬು ಒಂದು ವರ್ಷ ಕಾಯಿಸುತ್ತೆ, ಟಿಪ್ಪರ್ ಸಂಜೆಗೇ ದುಡ್ಡು ಕೊಡುತ್ತೆ.

ಆ ದುಡ್ಡು ಎಲ್ಲಿಂದ ಬರುತ್ತಿತ್ತು ಅಂತ ಸ್ವಲ್ಪ ಹಿಂದೆ ಹೋಗಿ ನೋಡಬೇಕು. ಸಂಡೂರಿನ ದೋಣಿಮಲೈಯಲ್ಲಿ ಸರ್ಕಾರಿ ಕಂಪನಿ ಎನ್‌ಎಂಡಿಸಿ 1977ರಿಂದ ಅದಿರು ತೆಗೆಯುತ್ತಿದೆ. ಅದಿರು ರಫ್ತು ಅಂದರೆ ಆಗ ಮುಖ್ಯವಾಗಿ ಎಂಎಂಟಿಸಿ, ಅದೂ ಸರ್ಕಾರಿ. 1991ರ ನಂತರ ಈ ಬಾಗಿಲುಗಳು ಒಂದೊಂದಾಗಿ ಸಡಿಲವಾದವು. 1993ರ ಖನಿಜ ನೀತಿ ಖಾಸಗಿಯವರನ್ನು ಕರೆಯಿತು. 2003ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ತನಗೆ ಅಂತ ಕಾದಿರಿಸಿದ್ದ ಭಾರೀ ಪ್ರದೇಶವನ್ನು ಖಾಸಗಿ ಗಣಿಗಾರಿಕೆಗೆ ಬಿಟ್ಟುಕೊಟ್ಟಿತು. ಅದೇ ಹೊತ್ತಿಗೆ ಚೀನಾ ಊರೂರಿಗೆ ಉಕ್ಕಿನ ಕಾರ್ಖಾನೆ ಕಟ್ಟುತ್ತಿತ್ತು, ಬೀಜಿಂಗ್ ಒಲಿಂಪಿಕ್ಸ್‌ಗೆ ತಯಾರಾಗುತ್ತಿತ್ತು. ಯಾರೂ ಮೂಸದೆ ಗುಡ್ಡದ ಬುಡದಲ್ಲಿ ರಾಶಿ ಬಿದ್ದಿದ್ದ ಫೈನ್ಸ್, ಅಂದರೆ ಅದಿರಿನ ಪುಡಿ, ಇದ್ದಕ್ಕಿದ್ದಂತೆ ಡಾಲರ್ ಆಯಿತು.

ಇಲ್ಲಿವರೆಗಿನದು ಪಠ್ಯಪುಸ್ತಕದ ಸುಧಾರಣೆ. ಬಾಗಿಲು ತೆರೆದರು, ಬೆಲೆ ಬಂತು, ಮಾಲು ಹೋಯಿತು. ಪಠ್ಯಪುಸ್ತಕದಲ್ಲಿ ಇಲ್ಲದ್ದು ಮುಂದಿನದು. ಲೋಕದ ಮಾರುಕಟ್ಟೆಯಲ್ಲಿ ಅದಿರು ಟನ್‌ಗೆ 100 ಡಾಲರ್ ದಾಟಿದಾಗಲೂ ನಮ್ಮ ರಾಜಧನ ಒಳ್ಳೆಯ ದರ್ಜೆಯ ಗಟ್ಟಿ ಅದಿರಿಗೇ ಟನ್‌ಗೆ 27 ರೂಪಾಯಿ ಇತ್ತು. ಒಂದು ಮಸಾಲೆ ದೋಸೆ ಬೆಲೆ. 2009ರ ಆಗಸ್ಟ್‌ನಲ್ಲಿ ಅದನ್ನು ಬೆಲೆಯ ಶೇ. 10 ಅಂತ ಮಾಡುವ ಹೊತ್ತಿಗೆ ಮೆರವಣಿಗೆ ಅರ್ಧ ಮುಗಿದಿತ್ತು. ಮಾರಾಟವನ್ನು ಮಾರುಕಟ್ಟೆಗೆ ಒಪ್ಪಿಸಿ, ತನ್ನ ಪಾಲನ್ನು ಮಾತ್ರ ಹಳೇ ಕಾಲದ ದರಪಟ್ಟಿಯಲ್ಲೇ ಇಟ್ಟುಕೊಂಡ ಸರ್ಕಾರ ಇದು. ಇದನ್ನು ಉದಾರೀಕರಣ ಅಂತ ಕರೆದರೆ ಉದಾರ ಅನ್ನುವ ಪದಕ್ಕೆ ಮಾತ್ರ ನ್ಯಾಯ ಸಿಗುತ್ತದೆ.

ರಾಜಧನ ಟನ್ ಲೆಕ್ಕದಲ್ಲಿ ಇದ್ದ ಮೇಲೆ ಟನ್ ಎಷ್ಟು ಅಂತ ಗೊತ್ತಿರಬೇಕಲ್ಲ? ಗೊತ್ತಿರಲಿಲ್ಲ. ಒಂದು ಪರ್ಮಿಟ್‌ನಲ್ಲಿ ಎಷ್ಟೋ ಟ್ರಿಪ್ಪು. ಒಂದು ಟ್ರಿಪ್‌ನಲ್ಲಿ ಲಾರಿಯ ತಾಕತ್ತು ಮೀರಿ ಲೋಡು. ಗುತ್ತಿಗೆ ಒಬ್ಬರ ಹೆಸರಿನಲ್ಲಿ, ತೆಗೆಯುವವರು ಇನ್ನೊಬ್ಬರು, ಇದಕ್ಕೆ ‘ರೈಸಿಂಗ್ ಕಾಂಟ್ರಾಕ್ಟ್’ ಅಂತ ಮರ್ಯಾದಸ್ಥ ಹೆಸರು. ಗುತ್ತಿಗೆಯ ಗಡಿ ಎಲ್ಲಿ ಅಂತ ಗೊತ್ತಿಲ್ಲ. ಅದೂ ಹೋಗಲಿ, ಕರ್ನಾಟಕ-ಆಂಧ್ರದ ಗಡಿ ಎಲ್ಲಿ ಅನ್ನುವುದೇ ಗೊತ್ತಿಲ್ಲ. ಗಡಿಯ ಗುರುತಾಗಿದ್ದ ಸುಗ್ಗಲಮ್ಮ ದೇವಿಯ ಹಳೇ ಗುಡಿಯನ್ನೇ 2006ರಲ್ಲಿ ಸ್ಫೋಟಿಸಿ ಉರುಳಿಸಿದರು. ಇಷ್ಟು ದೊಡ್ಡ ಅಳತೆಗಲ್ಲನ್ನು ಕಿತ್ತವರಿಗೆ ಲಾರಿಯ ತೂಕದ ಚೀಟಿ ಯಾವ ಲೆಕ್ಕ?

2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು ಕೊಟ್ಟ ವರದಿಯನ್ನು ನಾವೆಲ್ಲ ಹೆಸರುಗಳಿಗಾಗಿ ಓದಿದೆವು. ಯಾವ ಮಂತ್ರಿ, ಯಾವ ಕಂಪನಿ, ಯಾರ ಅಕೌಂಟು. ಯು.ವಿ. ಸಿಂಗ್ ಮತ್ತು ಅವರ ತಂಡದ ಕೆಲಸದ ನಿಜವಾದ ತಾಕತ್ತು ಇರುವುದು ಬೇರೆ ಕಡೆ, ಅದು ಒಂದು ಬೇಸರದ ಕೂಡು-ಕಳೆ ಲೆಕ್ಕ. ಇಷ್ಟು ಅದಿರಿಗೆ ಪರ್ಮಿಟ್ ಕೊಟ್ಟಿದ್ದಾರೆ, ಬಂದರುಗಳಿಂದ ಇಷ್ಟು ಹೋಗಿದೆ, ವ್ಯತ್ಯಾಸ ಎಲ್ಲಿಂದ ಬಂತು? ಉತ್ತರ, 2006ರಿಂದ 2010ರ ನಡುವೆ ಸುಮಾರು 2.98 ಕೋಟಿ ಟನ್ ಅಕ್ರಮ ರಫ್ತು, ಬೆಲೆ 12,228 ಕೋಟಿ ರೂಪಾಯಿ. ಒಟ್ಟು ನಷ್ಟದ ಅಂದಾಜು 16,085 ಕೋಟಿ. ಮಾಮೂಲಿ ಕೊಟ್ಟರೆ ಲಾರಿಗೆ ಎಲ್ಲೂ ತಡೆ ಇಲ್ಲದ ವ್ಯವಸ್ಥೆಗೆ ‘ಜೀರೋ ರಿಸ್ಕ್’ ಅಂತ ಹೆಸರಿತ್ತು ಅಂತಲೂ ಅದೇ ವರದಿ ಹೇಳಿತು. ಇನ್ಶೂರೆನ್ಸ್ ಕಂಪನಿಯವರೂ ಇಷ್ಟು ಒಳ್ಳೆ ಹೆಸರು ಇಡಲಾರರು.

ಇದಕ್ಕೆ ನಾವು ಕೊಟ್ಟ ಉತ್ತರ ಏನು? ಬಾಗಿಲು ಮುಚ್ಚು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ರಫ್ತಿಗೆ ಪರ್ಮಿಟ್ ನಿಲ್ಲಿಸಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿಗೂ ವಿಸ್ತರಿಸಿತು. ಕೋರ್ಟಿನ ಮುಂದೆ ಹೋಗಿದ್ದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. ಆ ಆದೇಶ ತಪ್ಪು ಅಂತ ನಾನು ಹೇಳುವುದಿಲ್ಲ. ಅಷ್ಟೊತ್ತಿಗೆ ಬೇರೆ ದಾರಿ ಉಳಿದಿರಲಿಲ್ಲ. ಆದರೆ ಯಾಕೆ ಉಳಿದಿರಲಿಲ್ಲ ಅನ್ನುವುದನ್ನು ಗಮನಿಸಿ. ಕಳ್ಳ ಯಾರು, ಸಾಚಾ ಯಾರು ಅಂತ ಬೇರೆ ಮಾಡುವ ಅಳತೆಯೇ ಇರಲಿಲ್ಲ, ಅದಕ್ಕೇ ಎಲ್ಲರನ್ನೂ ನಿಲ್ಲಿಸಬೇಕಾಯಿತು. ಆಮೇಲೆ ತಂಡಗಳು ಬಂದು 166 ಗುತ್ತಿಗೆಗಳನ್ನು ಒಂದೊಂದಾಗಿ ಸರ್ವೆ ಮಾಡಿ ಎ, ಬಿ, ಸಿ ಅಂತ ವಿಂಗಡಿಸಿದವು. 2013ರ ಏಪ್ರಿಲ್‌ನಲ್ಲಿ ಸುಮಾರು ಐವತ್ತು ಗುತ್ತಿಗೆಗಳು ರದ್ದಾದವು, ಉಳಿದವರಿಗೆ ಷರತ್ತಿನ ಮೇಲೆ ಅನುಮತಿ ಸಿಕ್ಕಿತು. ವರ್ಷಕ್ಕೆ ಇಷ್ಟೇ ಟನ್ ಅಂತ ಮಿತಿ, ಇ-ಹರಾಜು, ಆನ್‌ಲೈನ್ ಪರ್ಮಿಟ್, ಲಾರಿಗೆ ಜಿಪಿಎಸ್. ಅಂದರೆ 2003ರಲ್ಲಿ ಬಾಗಿಲು ತೆರೆಯುವ ಮೊದಲು ಮಾಡಬೇಕಿದ್ದ ಸರ್ವೆಯನ್ನು ಎಂಟು ವರ್ಷ ತಡವಾಗಿ, ಕೋರ್ಟಿನ ಕೈಯಲ್ಲಿ ಮಾಡಿಸಿದೆವು.

ಈ ಎಂಟು ವರ್ಷದ ತಡದ ಬಡ್ಡಿ ಕಟ್ಟಿದ್ದು ಯಾರು? ನನ್ನ ಮಾವನಂಥವರು. ಟಿಪ್ಪರ್ ಒಂದೂವರೆ ವರ್ಷ ಊರ ಹೊರಗೆ ಮುಳ್ಳುಜಾಲಿ ನೆರಳಲ್ಲಿ ನಿಂತಿತು. ಕಂತು ಕಟ್ಟಲಾಗದೆ 2012ರಲ್ಲಿ ಫೈನಾನ್ಸ್‌ನವರು ಎಳೆದುಕೊಂಡು ಹೋದರು. ಟೈರ್‌ಗಳನ್ನು ಅದಕ್ಕೂ ಮೊದಲೇ ಯಾರೋ ಬಿಚ್ಚಿದ್ದರು. ಅವನು ಓವರ್‌ಲೋಡ್ ಹೊಡೆದಿರಲಿಲ್ಲವಾ? ಹೊಡೆದಿದ್ದ. ಅದನ್ನು ಮುಚ್ಚಿಟ್ಟು ಅವನನ್ನು ಬಡಪಾಯಿ ಮಾಡಿದರೆ ನಾನೂ ಇನ್ನೊಂದು ಸಿನಿಮಾ ಬರೆದ ಹಾಗೆ. ಕಾಟಾ ಇಲ್ಲದ ಊರಿನಲ್ಲಿ ಸರಿಯಾದ ತೂಕ ಹೊರುವವನು ದಡ್ಡ ಅನ್ನಿಸಿಕೊಳ್ಳುತ್ತಾನೆ.

ಬಾಗಿಲಿನ ಚಟ ಇನ್ನೂ ಬಿಟ್ಟಿಲ್ಲ ಅನ್ನುವುದಕ್ಕೆ 2022ರ ಮೇ ತಿಂಗಳ ಎರಡು ದಿನ ಸಾಕು. ಮೇ 20ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಅದಿರಿಗೆ ರಫ್ತಿನ ಬಾಗಿಲು ತೆರೆಯಿತು, ಇ-ಹರಾಜಿನ ಕಡ್ಡಾಯವೂ ಹೋಯಿತು. ಮರುದಿನ, ಮೇ 21ರಂದು, ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ. 50ಕ್ಕೆ ಏರಿಸಿತು. ಹಣದುಬ್ಬರ, ಉಕ್ಕಿನ ಬೆಲೆ ಅಂತ ಕಾರಣಗಳಿದ್ದವು. ನವೆಂಬರ್‌ನಲ್ಲಿ ಅದನ್ನೂ ಹಿಂದಕ್ಕೆ ತಗೊಂಡರು. ಆರು ತಿಂಗಳಲ್ಲಿ ತೆರೆ, ಮುಚ್ಚು, ಮತ್ತೆ ಅರ್ಧ ತೆರೆ. ನಿಮ್ಮ ಕಂಪನಿಯಲ್ಲಿ ಹೀಗೆ ಪಾಲಿಸಿ ಬದಲಾದರೆ ನೀವು ಆ ಸಂಜೆಯೇ ರೆಸ್ಯೂಮೆ ಅಪ್‌ಡೇಟ್ ಮಾಡುತ್ತೀರಿ.

ರಫ್ತು ನಿಷೇಧ ಪರಿಸರಕ್ಕೆ ಒಳ್ಳೆಯದು ಅನ್ನುವ ನಂಬಿಕೆ ನಮ್ಮ ನಗರದ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಗುಡ್ಡಕ್ಕೆ ತನ್ನ ಮಣ್ಣು ಚೀನಾಕ್ಕೆ ಹೋಯಿತಾ ತೋರಣಗಲ್ಲಿಗೆ ಹೋಯಿತಾ ಅನ್ನುವ ವ್ಯತ್ಯಾಸ ಗೊತ್ತಾಗುವುದಿಲ್ಲ. ಗುಡ್ಡವನ್ನು ಕಾಯುವುದು ಟನ್ನಿನ ಮಿತಿ. ನಿಷೇಧದಿಂದ ಆಗುವುದು ಬೇರೆ. ಕೊಳ್ಳುವವರು ಇಲ್ಲಿಯವರು ಮಾತ್ರ ಆದಾಗ ಅದಿರಿನ ಬೆಲೆ ಬೀಳುತ್ತದೆ, ಬಿದ್ದ ಬೆಲೆಯ ಲಾಭ ಉಕ್ಕಿನ ಕಾರ್ಖಾನೆಗೆ. ಬೆಲೆಯ ಶೇಕಡಾ ಲೆಕ್ಕದಲ್ಲಿರುವ ರಾಜಧನವೂ ಜೊತೆಗೇ ಕಡಿಮೆಯಾಗುತ್ತದೆ. ಇಲ್ಲೇ ಉಕ್ಕು ಮಾಡಬೇಕು, ಇಲ್ಲೇ ಕೆಲಸ ಹುಟ್ಟಬೇಕು ಅನ್ನುವುದು ಒಪ್ಪತಕ್ಕ ವಾದ. 1971ರಲ್ಲಿ ಇಂದಿರಾ ಗಾಂಧಿ ಅಡಿಗಲ್ಲು ಹಾಕಿ ಹೋದ ಮೇಲೆ ಬೆಂಕಿ ಕಾಣಲು ತೊಂಬತ್ತರ ದಶಕದವರೆಗೆ, ಜಿಂದಾಲ್ ಬರುವವರೆಗೆ ಕಾದ ಸೀಮೆ ಇದು. ಆದರೆ ಅದನ್ನು ಸಬ್ಸಿಡಿ ಅಂತ ಹೆಸರಿಟ್ಟು, ಬಜೆಟ್ಟಿನಲ್ಲಿ ಅಂಕಿ ಬರೆದು ಕೊಡಲಿ. ಪರಿಸರದ ಹೆಸರಲ್ಲಿ ಯಾಕೆ?

ಈಗ ಮಾವನ ಹೊಲದ ಇನ್ನೊಂದು ಅರ್ಧಕ್ಕೆ, ಮೋಟಾರಿಗೆ, ಬರೋಣ.

ವಿದ್ಯುತ್ ಸುಧಾರಣೆಯ ಕಥೆಯೂ ಇದರದೇ ತಮ್ಮ. 1999ರಲ್ಲಿ ಕರ್ನಾಟಕ ತನ್ನ ವಿದ್ಯುತ್ ಸುಧಾರಣಾ ಕಾಯ್ದೆ ತಂದಿತು, ದರ ನಿಗದಿಗೆ ಕೆಇಆರ್‌ಸಿ ಅನ್ನುವ ಆಯೋಗ ಬಂತು, ಮಂಡಳಿ ಒಡೆದು ಕಂಪನಿಗಳಾದವು. ನಮಗೆ ಜೆಸ್ಕಾಂ, ನಿಮಗೆ ಬೆಸ್ಕಾಂ. 2003ರ ಕೇಂದ್ರ ವಿದ್ಯುತ್ ಕಾಯ್ದೆಯ 55ನೇ ಸೆಕ್ಷನ್ ಎರಡು ವರ್ಷದೊಳಗೆ ಮೀಟರ್ ಇಲ್ಲದೆ ಯಾರಿಗೂ ಕರೆಂಟ್ ಕೊಡಬಾರದು ಅಂತ ಹೇಳಿತು. 2008ರಲ್ಲಿ ರಾಜ್ಯ ಸರ್ಕಾರ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಪುಕ್ಕಟೆ ಅಂತ ಹೇಳಿತು. ಎರಡೂ ಮಾತು ಒಟ್ಟಿಗೆ ನಡೆಯಬಹುದಿತ್ತು, ಉಳಿದಿದ್ದು ಮಾತ್ರ ಎರಡನೆಯದು. ಇವತ್ತು ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ, ಮಾರಾಟವಾಗುವ ಕರೆಂಟ್‌ನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅವುಗಳ ಲೆಕ್ಕಕ್ಕೆ ಹೋಗುತ್ತದೆ. ‘ಲೆಕ್ಕಕ್ಕೆ’ ಅನ್ನುವ ಪದ ಬೇಕೆಂದೇ ಹಾಕಿದೆ. ಬಹುಪಾಲು ಮೋಟಾರುಗಳಿಗೆ ಮೀಟರೇ ಇಲ್ಲ. ಕೆಲವು ಟ್ರಾನ್ಸ್‌ಫಾರ್ಮರ್, ಫೀಡರ್‌ಗಳ ಮೀಟರ್ ನೋಡಿ ಉಳಿದದ್ದನ್ನು ಅಂದಾಜು ಮಾಡುತ್ತಾರೆ.

ಬೆಂಗಳೂರಿನಲ್ಲಿ ಕೂತು ಇದನ್ನು ಕೇಳಿದವರು ಕೂಡಲೇ ರೈತರ ಮೇಲೆ ಹರಿಹಾಯುತ್ತಾರೆ, ‘ನಮ್ಮ ಟ್ಯಾಕ್ಸ್ ದುಡ್ಡು’. ತಡೀರಿ. ಅಳೆಯದಿರುವುದು ರೈತನಿಗಿಂತ ಹೆಚ್ಚು ಯಾರಿಗೆ ಅನುಕೂಲ? ತಂತಿಯಲ್ಲಿ ಸೋರಿದ್ದು, ಕದ್ದದ್ದು, ಬಿಲ್ ವಸೂಲಾಗದೆ ಉಳಿದದ್ದು, ಇದನ್ನೆಲ್ಲ ಸುಲಭವಾಗಿ ಬಚ್ಚಿಡುವ ಜಾಗ ಯಾವುದು? ಮೀಟರ್ ಇಲ್ಲದ ಗ್ರಾಹಕನ ಖಾತೆ. ರೈತ ಬಳಸಿದ ಅಂತ ಬರೆದರೆ ಕಂಪನಿಯ ನಷ್ಟ ಕಾಗದದ ಮೇಲೆ ಕಡಿಮೆಯಾಗುತ್ತದೆ, ಸರ್ಕಾರದಿಂದ ಸಬ್ಸಿಡಿ ಬರುತ್ತದೆ. ಪರ್ಮಿಟ್ ಇಲ್ಲದ ಅದಿರು ಪರ್ಮಿಟ್ ಇರುವ ಲಾರಿಯಲ್ಲಿ ಹೋದ ಹಾಗೇ ಇದು. ಎಲ್ಲ ಕಂಪನಿಯೂ ಎಲ್ಲ ವರ್ಷವೂ ಹೀಗೇ ಮಾಡುತ್ತದೆ ಅಂತಲ್ಲ. ಮಾಡಿದರೆ ಹಿಡಿಯಲು ಆಗುವುದಿಲ್ಲ ಅನ್ನುವುದೇ ಸಮಸ್ಯೆ.

ಇನ್ನು ಪುಕ್ಕಟೆ ಅನ್ನುವುದು ಎಷ್ಟು ಪುಕ್ಕಟೆ ಅಂತ ಒಮ್ಮೆ ಹೊಲದಲ್ಲಿ ರಾತ್ರಿ ಮಲಗಿ ನೋಡಿ. ತ್ರೀ ಫೇಸ್ ಕೊಡುವುದು ದಿನಕ್ಕೆ ಏಳು ಗಂಟೆ, ಅದರಲ್ಲೂ ಒಂದು ಪಾಲು ರಾತ್ರಿ. ಆಟೋ ಸ್ಟಾರ್ಟರ್ ಹಾಕಿ ಮಲಗಿದರೆ ಮೋಟಾರು ತಾನೇ ಶುರುವಾಗುತ್ತೆ, ನೀರು ಬೇಕೋ ಬೇಡವೋ. ವೋಲ್ಟೇಜ್ ಬಿದ್ದರೆ ವೈಂಡಿಂಗ್ ಸುಡುತ್ತೆ, ರಿಪೇರಿಗೆ ಸಾವಿರಗಟ್ಟಲೆ. ಟಾರ್ಚ್ ಹಿಡಿದು ಮಡೆ ತಿರುವಲು ಹೋದರೆ ಹಾವು. ದುಡ್ಡು ಕೊಡದ ಗ್ರಾಹಕ ದೂರು ಕೊಟ್ಟರೆ ಯಾರು ಕೇಳುತ್ತಾರೆ?

ಮೀಟರ್ ಅಂದರೆ ಬಿಲ್ ಅಂತ ಇಬ್ಬರೂ ನಂಬಿದ್ದಾರೆ, ಹಾಕಬೇಕು ಅನ್ನುವ ಅರ್ಥಶಾಸ್ತ್ರಜ್ಞರೂ, ಬೇಡ ಅನ್ನುವ ರೈತ ಸಂಘಟನೆಗಳೂ. ನಾನೂ ಹಾಗೇ ಅಂದುಕೊಂಡಿದ್ದೆ, ಗೃಹಜ್ಯೋತಿ ಬರುವವರೆಗೆ. 2023ರ ಜುಲೈಯಿಂದ ನಿಮ್ಮ ಬಾಡಿಗೆ ಮನೆಗೂ ಅದು ಬಂದಿರಬೇಕು. ನಿಮ್ಮ ಮನೆಯಲ್ಲಿ ಮೀಟರ್ ಇದೆ, ಯೂನಿಟ್ ಎಷ್ಟು ಅಂತ ಬಿಲ್ಲಿನಲ್ಲಿ ಬರುತ್ತದೆ, ಕಟ್ಟಬೇಕಾದ ಮೊತ್ತ ಸೊನ್ನೆ. ಸರ್ಕಾರ ಎಷ್ಟು ಕೊಟ್ಟಿತು ಅಂತ ನಿಮಗೂ ಗೊತ್ತು, ಸರ್ಕಾರಕ್ಕೂ ಗೊತ್ತು. ಅಂದರೆ ಅಳೆದೂ ಪುಕ್ಕಟೆ ಕೊಡಬಹುದು. ಎರಡು ಬೆಡ್‌ರೂಮಿನ ಫ್ಲಾಟಿಗೆ ಆಗುವುದು ಐದು ಎಚ್‌ಪಿ ಮೋಟಾರಿಗೆ ಯಾಕೆ ಆಗುವುದಿಲ್ಲ?

ಈ ಬುದ್ಧಿವಂತಿಕೆಯನ್ನು ಮಾವನ ಮುಂದೆ ಹೇಳಿದೆ. ಆಲೆಮನೆ ಹತ್ತಿರ ಕೂತಿದ್ದೆವು, ಬೆಲ್ಲದ ಪಾಕ ಕುದಿಯುತ್ತಿತ್ತು. ಅವನು ಪೂರ್ತಿ ಕೇಳಿಸಿಕೊಂಡ.

“ಇವತ್ತು ಸೊನ್ನಿ ಬರಿತಾರ ಅಳಿಯಾ. ನಾಳಿ ಸರ್ಕಾರ ಬದಲಾತು ಅಂದ್ರ ಆ ಸೊನ್ನಿ ಹಿಂದ ಏನು ಬರಿತಾರೋ ಯಾರಿಗ್ಗೊತ್ತು? ಮೀಟರ್ ಒಮ್ಮಿ ಕುಂತಿತು ಅಂದ್ರ ಏಳಂಗಿಲ್ಲ.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವನ ಹೆದರಿಕೆ ಮೂರ್ಖತನ ಅಲ್ಲ, ಅನುಭವ. ಮೇ 20ರಂದು ತೆರೆದ ಬಾಗಿಲನ್ನು 21ಕ್ಕೆ ಮುಚ್ಚುವ ವ್ಯವಸ್ಥೆಯ ಮಾತನ್ನು ಅವನು ಯಾಕೆ ನಂಬಬೇಕು? ದೆಹಲಿಯ ಗಡಿಯಲ್ಲಿ ಕೂತಿದ್ದ ರೈತರು ಕೃಷಿ ಕಾಯ್ದೆಗಳ ಜೊತೆಗೆ ವಿದ್ಯುತ್ ತಿದ್ದುಪಡಿ ಮಸೂದೆಯನ್ನೂ ವಿರೋಧಿಸಿದ್ದು ಇದೇ ಕಾರಣಕ್ಕೆ. ಸುಧಾರಣೆಯ ಪರವಾಗಿ ಬರೆಯುವವರು, ನನ್ನನ್ನೂ ಸೇರಿಸಿ, ಮೀಟರಿನ ಬೆಲೆ ಲೆಕ್ಕ ಹಾಕುತ್ತಾರೆ. ಕೊಟ್ಟ ಮಾತಿಗೆ ತಪ್ಪಿದ್ದರ ಬೆಲೆಯನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು ಅಂತ ನಮಗೆ ಗೊತ್ತಿಲ್ಲ.

ಅಳೆದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತಲೂ ಹೇಳಲಾರೆ. ಕೋರ್ಟಿನ ಆದೇಶದಂತೆ ಅದಿರು ಮಾರಾಟದಿಂದ ಕಡಿತವಾದ ಹಣ ಗಣಿಬಾಧಿತ ಊರುಗಳ ಪುನಶ್ಚೇತನಕ್ಕೆ ಅಂತ ಸೇರುತ್ತಾ ಹೋಯಿತು. ಅದರ ಉಸ್ತುವಾರಿಗೆ ಕೆಎಂಇಆರ್‌ಸಿ ಅನ್ನುವ ನಿಗಮವೇ ಇದೆ, ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಇದೆ. ಪೈಸೆ ಪೈಸೆಗೂ ಲೆಕ್ಕ ಇರುವ ದುಡ್ಡು. ಅದು ವರ್ಷಗಟ್ಟಲೆ ಬ್ಯಾಂಕಿನಲ್ಲೇ ಬಡ್ಡಿ ಎಣಿಸುತ್ತಾ ಕೂತಿತ್ತು. ಸಂಡೂರಿನ ರಸ್ತೆ ಬದಿಯ ಹೊಲದ ಎಲೆಗಳ ಮೇಲೆ ಆ ವರ್ಷಗಳಲ್ಲೂ ಕೆಂಪು ಧೂಳೇ ಕೂತಿತ್ತು.

ಇಷ್ಟರ ನಡುವೆ ಅಳೆಯಲೇಬೇಕು ಅಂತ ಪಟ್ಟು ಹಿಡಿದವರು ಒಬ್ಬರು ಬಂದಿದ್ದಾರೆ, ಅವರು ಕೂತಿರುವುದು ಬ್ರಸೆಲ್ಸ್‌ನಲ್ಲಿ. ಯುರೋಪಿಯನ್ ಒಕ್ಕೂಟ ಆಮದಾಗುವ ಉಕ್ಕು, ಅಲ್ಯೂಮಿನಿಯಂ ಇತ್ಯಾದಿಗಳ ತಯಾರಿಕೆಯಲ್ಲಿ ಎಷ್ಟು ಇಂಗಾಲ ಹೊರಬಿತ್ತು ಅಂತ 2023ರ ಅಕ್ಟೋಬರ್‌ನಿಂದ ವರದಿ ಕೇಳುತ್ತಿದೆ. 2026ರ ಜನವರಿಯಿಂದ ಅದಕ್ಕೆ ದುಡ್ಡಿನ ಲೆಕ್ಕ ಶುರು. ನಮ್ಮ ಗುಡ್ಡದ ಅದಿರು, ಹೊರದೇಶದಿಂದ ಬರುವ ಕೋಕಿಂಗ್ ಕಲ್ಲಿದ್ದಲು, ಇವೆರಡೂ ಸೇರಿ ಆಗುವ ಉಕ್ಕಿನ ಪ್ರತಿ ಟನ್ನಿಗೂ ಹೊಗೆಯ ಚೀಟಿ ಬೇಕು. ಇದು ಮುಂದುವರಿದ ದೇಶಗಳ ದಬ್ಬಾಳಿಕೆ, ಹೊಸ ವೇಷದ ಸುಂಕ ಅನ್ನುವ ಭಾರತದ ವಾದದಲ್ಲಿ ಹುರುಳಿದೆ. ಹಾಗಂತ ಕಾರ್ಖಾನೆಗಳು ಸುಮ್ಮನೆ ಕೂತಿಲ್ಲ, ಚೀಟಿ ತಯಾರು ಮಾಡುತ್ತಿವೆ. ಇಂಗಾಲ ಅಳೆಯಲು ಆಗುತ್ತದೆ, ಆಳು ಸಿಗುತ್ತಾರೆ, ಸಾಫ್ಟ್‌ವೇರ್ ಸಿಗುತ್ತದೆ. ಆ ಸಾಫ್ಟ್‌ವೇರ್ ಬರೆಯುವವರು ನಿಮ್ಮ ಪಕ್ಕದ ಡೆಸ್ಕಿನಲ್ಲೇ ಇರಬಹುದು.

ಆ ಸಂಜೆ ಆಲೆಮನೆಯಲ್ಲಿ ಮಾವನಿಗೆ ಫೋನಿನ ಕ್ಯಾಲ್ಕುಲೇಟರ್ ತೆಗೆದು ತೋರಿಸಿದೆ. ಐದು ಎಚ್‌ಪಿ ಅಂದರೆ 3.73 ಕಿಲೋವಾಟ್. ದಿನಕ್ಕೆ ಏಳು ಗಂಟೆ, ವರ್ಷಕ್ಕೆ 200 ದಿನ ಓಡಿತು ಅಂತ ಇಟ್ಟುಕೊಂಡರೆ 5,200 ಯೂನಿಟ್ ಮೇಲೆ. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೆ 36 ಸಾವಿರ ದಾಟುತ್ತೆ.

ಮಾವ ಫೋನ್ ಕೈಗೆ ತಗೊಂಡು ಅಂಕಿಯನ್ನು ಇನ್ನೊಮ್ಮೆ ನೋಡಿದ.

“ಅಂದ್ರ ಸರ್ಕಾರ ನನಗ ವರ್ಷಕ್ಕ ಇಷ್ಟು ಕೊಡ್ತೈತೇನು?”

“ಕೊಟ್ಟೀನಿ ಅಂತ ಬರ್ಕೊಂತೈತಿ ಮಾವ. ನೀನು ಅಷ್ಟು ಬಳಸಿದಿ ಅಂತ ಯಾರಿಗೂ ಗೊತ್ತಿಲ್ಲ.”

“ಏಳು ತಾಸು ಎಲ್ಲಿ ಕೊಡ್ತಾರಲೇ? ಹೋದ ತಿಂಗಳು ಟಿಸಿ ಸುಟ್ಟು ಎಂಟು ದಿನ ಕರೆಂಟೇ ಇದ್ದಿದ್ದಿಲ್ಲ. ಅದನ್ನೂ ನನ್ನ ಹೆಸರಿಗೆ ಬರದಾರೇನು?”

ಬರೆದಿರಬಹುದು ಅಂದೆ. ಅವನು ಸ್ವಲ್ಪ ಹೊತ್ತು ಪಾಕದ ಕಡೆ ನೋಡುತ್ತಾ ಕೂತ. ಇದನ್ನೆಲ್ಲ ಬರೀತೀನಿ ಅಂತ ಹೇಳಿದಾಗ ಬ್ಯಾಡ ಅನ್ನಲಿಲ್ಲ.

“ಬರಿ. ಆದ್ರ ಆರ್‌ಆರ್ ನಂಬರ್ ಹಾಕಬ್ಯಾಡ.”